ಎಚ್ಚರ ತಪ್ಪಿದವರು ಕೊಟ್ಟ ಎಚ್ಚರ

‘ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು’ ಎಂದು ನಮ್ಮಲ್ಲಿ ಒಂದು ಗಾದೆಯುಂಟು. ಕೊಡುಕೊಳ್ಳುವ ವ್ಯವಹಾರದಲ್ಲಿಯೂ ಪಂಚಾಯಿತಿಯ ಕಟ್ಟೆಯ ಮೇಲೂ ಈ ಮಾತು ಎಷ್ಟು ಸಲ ಬಳಕೆಯಾಗಿದೆಯೋ ಲೆಕ್ಕವಿಲ್ಲ. ಆದರೆ ವೈದ್ಯಶಾಸ್ತ್ರ ಇದನ್ನು ನಿಜವಾಗಿ ಮನಸ್ಸಿಗೆ ತಂದುಕೊಂಡದ್ದು ಬಹು ಈಚೆಗೆ. ಅಪಘಾತದಲ್ಲಿ ಪೆಟ್ಟು ತಿಂದು ಬಂದವರ ಚಿಕಿತ್ಸೆಯಲ್ಲಂತೂ ಅದು ನಮ್ಮ ಕಣ್ಣೆದುರಿಗೇ ನಡೆದ ಸಂಗತಿ. ಆ ಕಥೆಯನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳಬೇಕೆಂದಿದ್ದೇನೆ. ಅದರಲ್ಲಿ ನಮ್ಮ ದೇಶದ ಸಾವಿರಾರು ಗಾಯಾಳುಗಳ ಪಾಲೂ ಇದೆ. ಅವರ ಹೆಸರು ಯಾವ ಗ್ರಂಥದಲ್ಲಿಯೂ ಅಚ್ಚಾಗಿಲ್ಲ, ಅಚ್ಚಾಗುವಂತೆಯೂ ಇಲ್ಲ.

ನಾನು ವೈದ್ಯನಲ್ಲ. ಜಿಲ್ಲಾ ಆಸ್ಪತ್ರೆಯೊಂದರ ದಾಖಲೆ ಕೋಣೆಯಲ್ಲಿ ಇಪ್ಪತ್ತೆಂಟು ವರ್ಷ ಗುಮಾಸ್ತಿಕೆ ಮಾಡಿದವನು. ಎಷ್ಟು ಮಂದಿ ಒಳಗೆ ಬಂದರು, ಎಷ್ಟು ಮಂದಿ ನಡೆದುಕೊಂಡು ಹೋದರು, ಎಷ್ಟು ಮಂದಿಯನ್ನು ಹೊತ್ತುಕೊಂಡು ಹೋದರು ಎಂದು ವರ್ಷದ ಕೊನೆಗೆ ಮೊತ್ತ ಹಾಕುವುದು ನನ್ನ ಕೆಲಸವಾಗಿತ್ತು. ಹಾಗೆ ಎಣಿಸುತ್ತಿದ್ದ ಅಭ್ಯಾಸವೇ ನನ್ನನ್ನು ಈ ವಿಷಯದ ಕಡೆಗೆ ಎಳೆದು ತಂದಿತು. ಏಕೆಂದರೆ ಇದು ಮದ್ದಿನ ಕಥೆಯಾಗಿರುವಷ್ಟೇ ಎಣಿಕೆಯ ಕಥೆಯೂ ಹೌದು.

ಒಂದು ಮದ್ದು ಗುಣಕಾರಿಯೆಂದು ತಿಳಿಯುವುದು ಹೇಗೆ? ಕೊಟ್ಟೆವು, ರೋಗಿ ಎದ್ದು ಕುಳಿತ, ಆದ್ದರಿಂದ ಮದ್ದು ಒಳ್ಳೆಯದು: ಇದು ಲೋಕರೂಢಿಯ ತರ್ಕ. ಕೊಡದೆ ಇದ್ದಿದ್ದರೂ ಆತ ಎದ್ದು ಕುಳಿತುಕೊಳ್ಳುತ್ತಿದ್ದನೋ ಏನೋ ಎಂಬ ಪ್ರಶ್ನೆಗೆ ಈ ತರ್ಕದಲ್ಲಿ ಉತ್ತರವಿಲ್ಲ. ಉತ್ತರ ಬೇಕಾದರೆ ಒಂದೇ ಬಗೆಯ ರೋಗಿಗಳನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ ಮದ್ದನ್ನು ಕೊಟ್ಟು, ಇನ್ನೊಂದಕ್ಕೆ ಕೊಡದೆ, ಕೊನೆಗೆ ಎರಡನ್ನೂ ಎಣಿಸಿ ನೋಡಬೇಕು. 1747ರಲ್ಲಿ ಬ್ರಿಟಿಷ್ ನೌಕಾದಳದ ವೈದ್ಯ ಜೇಮ್ಸ್ ಲಿಂಡ್ ಸ್ಕರ್ವಿ ರೋಗ ಹತ್ತಿದ 12 ಮಂದಿ ನಾವಿಕರನ್ನು ಇಬ್ಬಿಬ್ಬರಂತೆ ವಿಂಗಡಿಸಿ, ಕಿತ್ತಳೆ ನಿಂಬೆ ತಿಂದವರೇ ಬೇಗ ಚೇತರಿಸಿಕೊಂಡುದನ್ನು ಕಂಡ. ಆದರೆ ಯಾರನ್ನು ಯಾವ ಪಾಲಿಗೆ ಹಾಕಬೇಕೆಂಬುದು ವೈದ್ಯನ ಕೈಯಲ್ಲಿದ್ದರೆ ಒಂದು ಅಪಾಯವುಂಟು. ಬದುಕುವ ಲಕ್ಷಣವಿದ್ದವರಿಗೇ ಆತ ತನಗೆ ಅರಿವಿಲ್ಲದಂತೆ ಹೊಸ ಮದ್ದನ್ನು ಕೊಟ್ಟುಬಿಡಬಹುದು.

ಈ ಅಪಾಯವನ್ನು ನಿವಾರಿಸಿದವರು ಲಂಡನ್ ಸ್ಕೂಲ್ ಆಫ್ ಹೈಜೀನ್ ಅಂಡ್ ಟ್ರಾಪಿಕಲ್ ಮೆಡಿಸಿನ್ ಎಂಬ ಸಂಸ್ಥೆಯ ಸಂಖ್ಯಾಶಾಸ್ತ್ರಜ್ಞ ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್. ಎರಡನೆಯ ಮಹಾಯುದ್ಧ ಮುಗಿದ ಹೊಸತು. ಕ್ಷಯಕ್ಕೆ ಸ್ಟ್ರೆಪ್ಟೊಮೈಸಿನ್ ಬಂದಿತ್ತು. ಆದರೆ ಬ್ರಿಟನ್ನಿನಲ್ಲಿ ಎಲ್ಲರಿಗೂ ಸಾಲುವಷ್ಟು ಇರಲಿಲ್ಲ. ಯಾರಿಗೆ ಕೊಡಬೇಕೆಂಬುದನ್ನು ಮುಚ್ಚಿದ ಲಕೋಟೆಯೊಳಗಿನ ಚೀಟಿಯೇ ನಿರ್ಧರಿಸಲಿ ಎಂದರು ಹಿಲ್. 107 ಮಂದಿ ರೋಗಿಗಳು. ಆರು ತಿಂಗಳಲ್ಲಿ ಮದ್ದು ಪಡೆದ 55 ಮಂದಿಯ ಪೈಕಿ 4 ಮಂದಿ ತೀರಿಕೊಂಡರು. ಪಡೆಯದ 52 ಮಂದಿಯ ಪೈಕಿ 14 ಮಂದಿ. 1948ರಲ್ಲಿ ಈ ಫಲಿತಾಂಶ ಪ್ರಕಟವಾದ ಮೇಲೆ ಚೀಟಿ ಎತ್ತಿ ಹಂಚುವ ಕ್ರಮವೇ ವೈದ್ಯಕೀಯ ಪರೀಕ್ಷೆಗಳಿಗೆ ರಾಜಮಾರ್ಗವಾಯಿತು.

ಆದರೆ ಕ್ಷಯರೋಗಿಯೊಡನೆ ಕುಳಿತು ಮಾತನಾಡಲು ವಾರಗಟ್ಟಲೆ ಸಮಯವುಂಟು. ಲಾರಿ ಬಡಿದು ಬಂದವನ ಸಂಗತಿ ಹಾಗಲ್ಲ. ಆತನಿಗೆ ಎಚ್ಚರವಿಲ್ಲ, ಬಂಧುಗಳಿಗೆ ಸುದ್ದಿ ಮುಟ್ಟಿಲ್ಲ, ವೈದ್ಯನಿಗೆ ಬಿಡುವಿಲ್ಲ. ಆದ್ದರಿಂದಲೇ ಏನೋ, ಲಕೋಟೆಯ ಕ್ರಮ ಬೇರೆ ವಾರ್ಡುಗಳಿಗೆಲ್ಲ ಹೋಗಿ ನೆಲೆಯೂರಿದರೂ ಅಪಘಾತದ ಗಾಯಾಳುಗಳ ಬಳಿಗೆ ದೊಡ್ಡ ಪ್ರಮಾಣದಲ್ಲಿ ಬರಲು ಅರ್ಧ ಶತಮಾನ ಹಿಡಿಯಿತು.

ಆ ಅರ್ಧ ಶತಮಾನದಲ್ಲಿ ಗಾಯಾಳುಗಳಿಗೆ ಮದ್ದು ಕೊಡದೆ ಇದ್ದರೆ? ಕೊಡುತ್ತಲೇ ಇದ್ದರು. ತಲೆಗೆ ಪೆಟ್ಟು ಬಿದ್ದಾಗ ಮಿದುಳು ಊದಿಕೊಳ್ಳುತ್ತದೆ. ಸ್ಟೆರಾಯ್ಡ್ ಎಂಬ ಔಷಧಿಗಳು ಮಿದುಳಿನ ಗೆಡ್ಡೆಯ ಸುತ್ತಲಿನ ಊತವನ್ನು ಇಳಿಸುತ್ತವೆಂದು ಗೊತ್ತಿತ್ತು. ಹಾಗಿದ್ದ ಮೇಲೆ ಪೆಟ್ಟಿನ ಊತವನ್ನೂ ಇಳಿಸಬೇಡವೇ? ತರ್ಕ ಸೊಗಸಾಗಿತ್ತು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಅನೇಕ ದೇಶಗಳಲ್ಲಿ ಎಚ್ಚರ ತಪ್ಪಿ ಬಂದ ಗಾಯಾಳುಗಳಿಗೆ ಸ್ಟೆರಾಯ್ಡನ್ನು ಕೊಟ್ಟರು. ಕೆಲವು ವೈದ್ಯರು ಅದರಲ್ಲಿ ಪೂರ್ತಿ ನಂಬಿಕೆ ಇಟ್ಟವರು. ಕೆಲವರು ಪೂರ್ತಿ ಇಲ್ಲದವರು. ಒಬ್ಬನೇ ಗಾಯಾಳು ಈ ಬೀದಿಯ ಆಸ್ಪತ್ರೆಗೆ ಹೋದರೆ ಒಂದು ಚಿಕಿತ್ಸೆ, ಆ ಬೀದಿಯ ಆಸ್ಪತ್ರೆಗೆ ಹೋದರೆ ಇನ್ನೊಂದು. ಇದೂ ಒಂದು ಬಗೆಯ ಚೀಟಿ ಎತ್ತುವ ಆಟವೇ. ಆದರೆ ಗೆದ್ದವರು ಯಾರು, ಸೋತವರು ಯಾರು ಎಂದು ಬರೆದಿಡುವವರೇ ಇರಲಿಲ್ಲ.

ಹಿಲ್ ಅವರು ಕೆಲಸ ಮಾಡಿದ್ದ ಅದೇ ಲಂಡನ್ ಸಂಸ್ಥೆಯ ಇಯಾನ್ ರಾಬರ್ಟ್ಸ್ ಮೊದಲಾದವರು ಅದುವರೆಗೆ ನಡೆದಿದ್ದ ಸಣ್ಣಪುಟ್ಟ ಪರೀಕ್ಷೆಗಳನ್ನೆಲ್ಲ ಒಟ್ಟುಗೂಡಿಸಿದರು. ಎಲ್ಲವೂ ಸೇರಿ ಸುಮಾರು 2,000 ರೋಗಿಗಳು. ಸ್ಟೆರಾಯ್ಡಿನಿಂದ ನೂರಕ್ಕೆ ಇಬ್ಬರು ಹೆಚ್ಚು ಬದುಕಬಹುದು, ಬದುಕದೆಯೂ ಇರಬಹುದು, ಅಥವಾ ಕೆಡುಕೇ ಆಗಬಹುದು: ಇಷ್ಟೇ ಅದರಿಂದ ತಿಳಿದದ್ದು. ನೂರಕ್ಕೆ ಇಬ್ಬರೆಂದರೆ ಯಾವ ಲೆಕ್ಕ ಎಂದು ಓದುಗರು ಕೇಳಬಹುದು. ಲೋಕದಲ್ಲಿ ವರ್ಷವರ್ಷವೂ ಲಕ್ಷಾಂತರ ಜನರ ತಲೆಗೆ ಪೆಟ್ಟು ಬೀಳುತ್ತದೆ. ನೂರಕ್ಕೆ ಇಬ್ಬರು ಬದುಕಿದರೆ ಅದೊಂದು ಊರೇ ಬದುಕಿದಂತೆ. ಆದರೆ ಇಷ್ಟು ಸಣ್ಣ ವ್ಯತ್ಯಾಸ ಚಿಕ್ಕ ಲೆಕ್ಕದಲ್ಲಿ ಕಾಣಿಸುವುದಿಲ್ಲ. ಒಂದು ಪಾಲಿನ ನೂರು ಮಂದಿಯಲ್ಲಿ 15, ಇನ್ನೊಂದು ಪಾಲಿನ ನೂರು ಮಂದಿಯಲ್ಲಿ 13 ಸಾವಾದರೆ ಅದು ಮದ್ದಿನ ಗುಣವೋ ಬರಿಯ ಅದೃಷ್ಟವೋ ಹೇಳಲಾಗದು. ಅದೇ ಹತ್ತು ಹತ್ತು ಸಾವಿರದಲ್ಲಿ 1,500 ಮತ್ತು 1,300 ಆದರೆ ಅದನ್ನು ಅದೃಷ್ಟವೆಂದು ತಳ್ಳಿಹಾಕಲು ಬರುವುದಿಲ್ಲ. ಆದ್ದರಿಂದ 20,000 ಗಾಯಾಳುಗಳು ಬೇಕಾದರು. ಒಂದು ಆಸ್ಪತ್ರೆಗೆ, ಒಂದು ದೇಶಕ್ಕೆ ನಿಲುಕುವ ಸಂಖ್ಯೆಯಲ್ಲ ಅದು. ಹೀಗೆ 1999ರ ಏಪ್ರಿಲಿನಲ್ಲಿ ‘ಕ್ರ್ಯಾಶ್’ ಎಂಬ ಅಂತರರಾಷ್ಟ್ರೀಯ ಪರೀಕ್ಷೆ ಮೊದಲಾಯಿತು.

ಗಾಯಾಳುಗಳನ್ನು ಸೇರಿಸಿಕೊಂಡ ಬಗೆ ನೋಡತಕ್ಕದ್ದು. ವಯಸ್ಕನಾಗಿರಬೇಕು, ಪೆಟ್ಟು ಬಿದ್ದು ಎಂಟು ಗಂಟೆ ಮೀರಿರಬಾರದು, ಪೂರ್ತಿ ಎಚ್ಚರವಿರಬಾರದು. ಗ್ಲಾಸ್ಗೋ ನಗರದ ವೈದ್ಯರು 1974ರಲ್ಲಿ ರೂಪಿಸಿದ, ಕಣ್ಣು ತೆರೆಯುವುದು, ಮಾತನಾಡುವುದು, ಕೈಕಾಲು ಆಡಿಸುವುದು ಇವನ್ನು ನೋಡಿ ಅಂಕ ಕೊಡುವ ಅಳತೆಯಲ್ಲಿ 15ಕ್ಕೆ 14 ಅಥವಾ ಅದಕ್ಕಿಂತ ಕಡಮೆ ಇದ್ದರೆ ಸಾಕು. ಇವೆಲ್ಲಕ್ಕಿಂತ ಮುಖ್ಯವಾದ ನಿಯಮ ಇನ್ನೊಂದಿತ್ತು. ಈ ರೋಗಿಗೆ ಸ್ಟೆರಾಯ್ಡ್ ಬೇಕೇಬೇಕು ಎಂದು ವೈದ್ಯನಿಗೆ ಅನಿಸಿದರೆ ಆತನನ್ನು ಪರೀಕ್ಷೆಗೆ ಸೇರಿಸಕೂಡದು, ಮದ್ದನ್ನು ಕೊಡಬೇಕು. ಬೇಡವೇ ಬೇಡ ಎನಿಸಿದರೂ ಸೇರಿಸಕೂಡದು. ‘ನನಗೆ ಗೊತ್ತಿಲ್ಲ’ ಎಂದು ವೈದ್ಯ ಪ್ರಾಮಾಣಿಕವಾಗಿ ಹೇಳಬಲ್ಲವನಾದರೆ ಮಾತ್ರ ಚೀಟಿ ಎತ್ತಬೇಕು. ವೈದ್ಯನ ಸಂದೇಹವೇ ಈ ಮನೆಯ ಹೊಸ್ತಿಲು.

ಚೀಟಿ ಎತ್ತುವುದೂ ಸುಲಭವಾಗಿತ್ತು. ಹಗಲಿರಲಿ ರಾತ್ರಿಯಿರಲಿ ದೂರವಾಣಿಯಲ್ಲಿ ಕೇಳಿದರೆ ಇಂಥ ಸಂಖ್ಯೆಯ ಪೊಟ್ಟಣವನ್ನು ತೆಗೆಯಿರಿ ಎಂದು ತಿಳಿಸುತ್ತಿದ್ದರು. ದೂರವಾಣಿಯ ಅನುಕೂಲವಿಲ್ಲದ ಕಡೆ ವಾರ್ಡಿನಲ್ಲಿಯೇ ಸಂಖ್ಯೆ ಬರೆದ ಪೊಟ್ಟಣಗಳ ಪೆಟ್ಟಿಗೆ ಇರುತ್ತಿತ್ತು. ಮದ್ದಿನ ಪೊಟ್ಟಣವೂ ಮದ್ದಿಲ್ಲದ ಪೊಟ್ಟಣವೂ ನೋಡುವುದಕ್ಕೆ ಒಂದೇ. ಒಳಗೇನಿದೆಯೆಂದು ವೈದ್ಯನಿಗೂ ಗೊತ್ತಿಲ್ಲ, ದಾದಿಗೂ ಗೊತ್ತಿಲ್ಲ. ಬೇರೆ ಚಿಕಿತ್ಸೆಯೆಲ್ಲ ಎಂದಿನಂತೆ ನಡೆಯುತ್ತಿತ್ತು. ಬರೆಯಬೇಕಾದದ್ದೂ ಬಹಳವಿರಲಿಲ್ಲ. ಇದನ್ನು ಓದಿದಾಗ ನನ್ನೊಳಗಿನ ಗುಮಾಸ್ತನಿಗೆ ನಿಜವಾಗಿ ಸಂತೋಷವಾಯಿತು. ಹತ್ತು ಪುಟದ ನಮೂನೆಯನ್ನು ಕಳಿಸಿದ್ದರೆ ರಾತ್ರಿ ಪಾಳಿಯ ಯಾವ ವೈದ್ಯ ತಾನೇ ತುಂಬಿಯಾನು?

ಇನ್ನು ಕಠಿಣವಾದ ಪ್ರಶ್ನೆ. ಎಚ್ಚರವಿಲ್ಲದವನನ್ನು ಪರೀಕ್ಷೆಗೆ ಸೇರಿಸಿಕೊಳ್ಳಲು ಒಪ್ಪಿಗೆ ಕೊಡುವವರು ಯಾರು? ನಾಜಿ ವೈದ್ಯರ ವಿಚಾರಣೆಯ ತರುವಾಯ 1947ರಲ್ಲಿ ಮೂಡಿದ ನ್ಯೂರೆಂಬರ್ಗ್ ಸಂಹಿತೆಯ ಮೊದಲನೆಯ ಸೂತ್ರವೇ ಮನುಷ್ಯನ ಸ್ವಂತ ಇಚ್ಛೆಯ ಒಪ್ಪಿಗೆ ಅತ್ಯಗತ್ಯ ಎಂಬುದು. ಅದನ್ನು ಅಕ್ಷರಶಃ ಹಿಡಿದರೆ ಮೈಮರೆತು ಮಲಗಿದವನ ಮೇಲೆ ಯಾವ ಪರೀಕ್ಷೆಯೂ ಸಲ್ಲದು. 1964ರ ಹೆಲ್ಸಿಂಕಿ ಘೋಷಣೆ ಇಂಥವರ ಪರವಾಗಿ ಕಾನೂನಿನ ಪ್ರಕಾರ ಹೊಣೆಯಿರುವವರು ಒಪ್ಪಿಗೆ ಕೊಡಬಹುದೆಂದಿತು.

ಆದರೆ ಆ ಹೊಣೆಗಾರ ಆ ಹೊತ್ತಿನಲ್ಲಿ ಎಲ್ಲಿರುತ್ತಾನೆ? ಕ್ಯಾಷುವಾಲ್ಟಿಯಲ್ಲಿ ಎಂ.ಎಲ್.ಸಿ. ಪುಸ್ತಕ ಎಂಬುದೊಂದಿರುತ್ತದೆ, ಅಪಘಾತ, ಹೊಡೆದಾಟ, ವಿಷಪ್ರಾಶನ ಮೊದಲಾಗಿ ಪೊಲೀಸರಿಗೆ ತಿಳಿಸಬೇಕಾದ ಸಂಗತಿಗಳನ್ನು ಬರೆಯುವ ಪುಸ್ತಕ. ಹಳೆಯ ಪುಸ್ತಕಗಳನ್ನು ಕಟ್ಟಿಡುವಾಗ ನಾನು ಅವನ್ನು ತಿರುವಿಹಾಕುತ್ತಿದ್ದೆ. ‘ಕರೆತಂದವರು’ ಎಂಬ ಅಂಕಣದಲ್ಲಿ ಹೆಂಡತಿ, ಅಣ್ಣ ಎಂದು ಬರೆದಿರುತ್ತಿದ್ದುದಕ್ಕಿಂತ ಆಟೋ ಚಾಲಕ, ಪೊಲೀಸ್ ಪೇದೆ, ದಾರಿಹೋಕ ಎಂದು ಬರೆದಿರುತ್ತಿದ್ದುದೇ ಹೆಚ್ಚು. ಎಷ್ಟೋ ಕಡೆ ಹೆಸರಿನ ಜಾಗದಲ್ಲಿಯೂ ‘ಅಪರಿಚಿತ ಗಂಡಸು, ಸುಮಾರು 35 ವರ್ಷ’ ಎಂದಷ್ಟೇ. ಮನೆಯವರು ಬರುವ ಹೊತ್ತಿಗೆ ಅರ್ಧ ರಾತ್ರಿ ಕಳೆದಿರುತ್ತಿತ್ತು. ಬಂದ ಮೇಲೂ ಅವರು ಎದೆ ಬಡಿದುಕೊಂಡು ಅಳುವವರೇ ಹೊರತು ಕಾಗದ ಓದಿ, ವಿಚಾರ ಮಾಡಿ, ರುಜು ಹಾಕುವ ಸ್ಥಿತಿಯಲ್ಲಿರುವವರಲ್ಲ. ‘ಸ್ವಾಮಿ, ನಿಮಗೆ ಹೇಗೆ ತೋರುತ್ತದೋ ಹಾಗೆ ಮಾಡಿ’ ಎಂದು ಕೈ ಮುಗಿಯುವುದನ್ನು ಒಪ್ಪಿಗೆ ಎನ್ನೋಣವೇ?

ಪರೀಕ್ಷೆ ನಡೆಸಿದವರು ಕಂಡುಕೊಂಡ ದಾರಿ ಹೀಗಿತ್ತು. ಗಾಯಾಳು ಮಾತನಾಡುವಂತಿದ್ದರೆ ಆತನನ್ನೇ ಕೇಳುವುದು. ಇಲ್ಲವಾದರೆ ಬಂಧುಗಳನ್ನು ಕೇಳುವುದು. ಬಂಧುಗಳೂ ಇಲ್ಲದಿದ್ದಾಗ, ಆ ದೇಶದ ನಿಯಮ ಒಪ್ಪುವುದಾದರೆ, ಒಪ್ಪಿಗೆಯನ್ನು ಮುಂದಕ್ಕೆ ಹಾಕಿ ಚಿಕಿತ್ಸೆ ಮೊದಲು ಮಾಡುವುದು. ಎಚ್ಚರವಾದ ಕೂಡಲೇ ವಿಷಯವನ್ನು ತಿಳಿಸಿ, ಆತನ ವಿವರಗಳನ್ನು ಲೆಕ್ಕಕ್ಕೆ ಸೇರಿಸಿಕೊಳ್ಳಬಹುದೇ ಎಂದು ಕೇಳುವುದು.

ಇದು ಸರಿಯೇ? ನಮ್ಮವರು ಅನುಮಾನಪಡುವುದಕ್ಕೆ ಕಾರಣವಿಲ್ಲದೆ ಇಲ್ಲ. 2009ರಲ್ಲಿ ಆಗಿನ ಆಂಧ್ರಪ್ರದೇಶದ ಖಮ್ಮಂ ಜಿಲ್ಲೆಯಲ್ಲಿ ಹೆಣ್ಣುಮಕ್ಕಳಿಗೆ ಲಸಿಕೆ ಹಾಕಿ ಅಧ್ಯಯನ ನಡೆಸಿದಾಗ, ತಂದೆತಾಯಿಗಳ ಬದಲು ಹಾಸ್ಟೆಲಿನ ವಾರ್ಡನ್ನುಗಳೇ ಎಷ್ಟೋ ಕಡೆ ಸಹಿ ಹಾಕಿದ್ದರು. 2010ರಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಸಂಸತ್ತಿನ ಸಮಿತಿಯೂ ಖಂಡಿಸಿತು. ಕೇಳಲು ಸಮಯವಿದ್ದಾಗಲೂ ಕೇಳದೆ ಇರುವುದು ಮನುಷ್ಯನನ್ನು ತೃಣವಾಗಿ ಕಂಡಂತೆ. ಆದರೆ ಕೇಳಲು ಸಮಯವೇ ಇಲ್ಲದಾಗ ಕಾಯುತ್ತ ಕುಳಿತರೆ, ಆ ಕಾಯುವಿಕೆಯೇ ಪ್ರಾಣವನ್ನು ತೆಗೆದೀತು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದೆಂದು ನನಗೆ ತೋರುತ್ತದೆ. ಎಚ್ಚರವಿಲ್ಲದವನಿಗೆ ರಕ್ಷೆಯಾಗಿ ಇರುವುದು ಕಾಗದದ ಮೇಲಿನ ರುಜುವಲ್ಲ. ವೈದ್ಯನ ಸಂದೇಹ ನಿಜವಾದದ್ದಾಗಿರಬೇಕು. ನೈತಿಕ ಸಮಿತಿ ನಿಜವಾಗಿ ಕಣ್ಣು ತೆರೆದಿರಬೇಕು. ಕೆಡುಕು ಕಂಡ ಕ್ಷಣವೇ ನಿಲ್ಲಿಸುವ ಧೈರ್ಯವಿರಬೇಕು. ಈ ಮೂರೇ ಆತನಿಗೆ ರಕ್ಷೆ.

ಆ ಧೈರ್ಯದ ಪರೀಕ್ಷೆಯೂ ಬಂದೊದಗಿತು. 49 ದೇಶಗಳ 239 ಆಸ್ಪತ್ರೆಗಳಿಂದ 10,008 ಮಂದಿ ಸೇರಿದ್ದರು. ಪರೀಕ್ಷೆ ನಡೆಸುವವರಿಗೂ ಕಾಣದಂತೆ ಅಂಕಿಅಂಶಗಳನ್ನು ಆಗಾಗ ನೋಡಲು ಒಂದು ಪ್ರತ್ಯೇಕ ಸಮಿತಿ ಇತ್ತು. 2004ರ ಮೇ ತಿಂಗಳಲ್ಲಿ ಪರೀಕ್ಷೆ ನಿಂತಿತು. ಎರಡು ವಾರದೊಳಗೆ ಸ್ಟೆರಾಯ್ಡ್ ಪಡೆದವರಲ್ಲಿ 1,052 ಮಂದಿ ಸತ್ತಿದ್ದರು. ಪಡೆಯದವರಲ್ಲಿ 893 ಮಂದಿ. ನೂರಕ್ಕೆ 21.1 ಮತ್ತು 17.9. ಮೂವತ್ತು ವರ್ಷ ಉಪಕಾರವೆಂದು ಕೊಟ್ಟದ್ದು ಅಪಕಾರವಾಗಿತ್ತು.

ಎರಡು ಪಾಲಿಗೂ ಇರುವ ಅಂತರ 159. ಈ 159 ಮಂದಿ ಇಂಥವರೇ ಎಂದು ಯಾವ ಪುಸ್ತಕವನ್ನು ತಿರುವಿಹಾಕಿದರೂ ಬೆರಳಿಟ್ಟು ತೋರಿಸಲಾಗದು. ಅವರು ಮೊತ್ತದಲ್ಲಿ ಮಾತ್ರ ಕಾಣಿಸುತ್ತಾರೆ. ಪರೀಕ್ಷೆಗೆ ಸೇರದೆ ಇದ್ದಿದ್ದರೆ ಅವರು ಬದುಕುತ್ತಿದ್ದರೇ? ಮದ್ದನ್ನು ನಂಬಿದ ವೈದ್ಯನ ಕೈಗೆ ಸಿಕ್ಕಿದ್ದರೆ ಆತ ಹೇಗೂ ಕೊಡುತ್ತಿದ್ದ. ಪರೀಕ್ಷೆಯಲ್ಲಿ ಅರ್ಧ ಮಂದಿಯಾದರೂ ಅದರಿಂದ ಪಾರಾದರು. ಆದರೂ ಈ ಸಂಖ್ಯೆಯ ಮುಂದೆ ಒಂದು ಗಳಿಗೆ ಸುಮ್ಮನೆ ನಿಲ್ಲಬೇಕೆನಿಸುತ್ತದೆ. ಆ ಮೇಲೆ ಲೋಕದ ಆಸ್ಪತ್ರೆಗಳಲ್ಲಿ ತಲೆಯ ಪೆಟ್ಟಿಗೆ ಸ್ಟೆರಾಯ್ಡನ್ನು ಕೊಡುವ ವಾಡಿಕೆ ಹಿಂದೆ ಸರಿಯಿತು. ನಾಳೆ ಪೆಟ್ಟು ತಿನ್ನುವವನು ಬದುಕಿಕೊಂಡರೆ ಅದು ಈ ಹೆಸರಿಲ್ಲದವರ ದಾನ.

ಕಥೆಯ ಎರಡನೆಯ ಭಾಗಕ್ಕೆ ಜಪಾನಿಗೆ ಹೋಗಬೇಕು. ಯುದ್ಧದಲ್ಲಿ ಬೆಂದುಹೋಗಿದ್ದ ಆ ದೇಶದಲ್ಲಿ ಉಟಾಕೊ ಒಕಾಮೊಟೊ ಎಂಬಾಕೆ ಪತಿ ಶೊಸುಕೆಯೊಡನೆ ರಕ್ತದ ಮೇಲೆ ಸಂಶೋಧನೆಗೆ ತೊಡಗಿದರು. ಹಣವಿರಲಿಲ್ಲ, ಪ್ರಯೋಗಕ್ಕೆ ತಮ್ಮ ರಕ್ತವನ್ನೇ ಬಳಸುತ್ತಿದ್ದರು. ಮಗಳನ್ನು ನೋಡಿಕೊಳ್ಳುವವರಿಲ್ಲದೆ ಆಕೆ ಕೂಸನ್ನು ಬೆನ್ನಿಗೆ ಕಟ್ಟಿಕೊಂಡೇ ಪ್ರಯೋಗಶಾಲೆಯಲ್ಲಿ ನಿಲ್ಲುತ್ತಿದ್ದರಂತೆ. 1962ರಲ್ಲಿ ದಂಪತಿಗಳು ಟ್ರಾನೆಕ್ಸಾಮಿಕ್ ಆಮ್ಲವೆಂಬ ಔಷಧಿಯನ್ನು ಪ್ರಕಟಪಡಿಸಿದರು. ಗಾಯವಾದಾಗ ರಕ್ತ ಹೆಪ್ಪುಗಟ್ಟಿ, ಕೆರೆಯ ಏರಿಯಂತೆ ಹರಿವನ್ನು ತಡೆಯುತ್ತದೆ. ದೇಹವೇ ಮತ್ತೆ ಆ ಹೆಪ್ಪನ್ನು ಕರಗಿಸುವ ಕೆಲಸವನ್ನೂ ಮಾಡುತ್ತದೆ. ದೊಡ್ಡ ಗಾಯದಲ್ಲಿ ಈ ಕರಗಿಸುವ ಕೆಲಸ ಅತಿಯಾಗಿ, ಏರಿ ಒಡೆದುಹೋಗುತ್ತದೆ. ಒಡೆಯದಂತೆ ತಡೆಹಿಡಿಯುವುದೇ ಈ ಔಷಧಿಯ ಗುಣ. ಹೆರಿಗೆಯ ರಕ್ತಸ್ರಾವದಲ್ಲಿ ಇದನ್ನು ಪರೀಕ್ಷಿಸಿ ನೋಡಿರೆಂದು ಉಟಾಕೊ ಅಂದೇ ವೈದ್ಯರನ್ನು ಕೇಳಿಕೊಂಡಿದ್ದರು. ಆಕೆಯ ಮಾತಿಗೆ ಅಂದು ಕಿವಿಗೊಟ್ಟವರಿಲ್ಲ. ಹಲ್ಲು ಕೀಳುವಾಗ, ಶಸ್ತ್ರಚಿಕಿತ್ಸೆ ಮಾಡುವಾಗ, ಮುಟ್ಟಿನ ಸ್ರಾವ ಹೆಚ್ಚಾದಾಗ ಮಾತ್ರ ಅದು ಬಳಕೆಯಾಗುತ್ತಿತ್ತು.

ಈ ಹಳೆಯ, ಅಗ್ಗದ ಔಷಧಿಯನ್ನು ಗಾಯಾಳುಗಳಲ್ಲಿ ಪರೀಕ್ಷಿಸಲು 2005ರ ಮೇ ತಿಂಗಳಲ್ಲಿ ರಾಬರ್ಟ್ಸ್, ಹಲೀಮಾ ಶಕೂರ್ ಮೊದಲಾದವರು ಎರಡನೆಯ ‘ಕ್ರ್ಯಾಶ್’ ಪರೀಕ್ಷೆಯನ್ನು ಮೊದಲು ಮಾಡಿದರು. ಕ್ರಮ ಹಿಂದಿನಂತೆಯೇ: ವೈದ್ಯನ ಸಂದೇಹ, ಎಂಟು ಗಂಟೆಯ ಗಡುವು, ಸಂಖ್ಯೆಯ ಪೊಟ್ಟಣ. 2010ರ ಜನವರಿಯ ಹೊತ್ತಿಗೆ 40 ದೇಶಗಳ 274 ಆಸ್ಪತ್ರೆಗಳಿಂದ 20,211 ಮಂದಿ ಸೇರಿದರು. ಇವರಲ್ಲಿ ಸುಮಾರು ಕಾಲು ಭಾಗ ಭಾರತದವರು. ಬೇರೆ ಯಾವ ದೇಶದಿಂದಲೂ ಅಷ್ಟು ಮಂದಿ ಬಂದಿರಲಿಲ್ಲ. ಉಳಿದವರಲ್ಲಿ ಕೊಲಂಬಿಯ, ಈಜಿಪ್ಟ್, ನೈಜೀರಿಯದವರು ಬಹಳ. ಶ್ರೀಮಂತ ದೇಶದವರು ಬೆರಳೆಣಿಕೆಯಷ್ಟು.

ಫಲ ಇದು: ಔಷಧಿ ಪಡೆದವರಲ್ಲಿ ನೂರಕ್ಕೆ 14.5 ಸಾವು, ಪಡೆಯದವರಲ್ಲಿ 16. ಮರುವರ್ಷ ಅದೇ ಲೆಕ್ಕವನ್ನು ಬಿಡಿಸಿ ನೋಡಿದಾಗ ಇನ್ನೂ ದೊಡ್ಡ ಸತ್ಯ ಹೊರಬಿತ್ತು. ಪೆಟ್ಟು ಬಿದ್ದು ಒಂದು ಗಂಟೆಯೊಳಗೆ ಕೊಟ್ಟರೆ, ರಕ್ತಸ್ರಾವದಿಂದ ಸಾಯುವವರು ನೂರಕ್ಕೆ 7.7ರಿಂದ 5.3ಕ್ಕೆ ಇಳಿಯುತ್ತಾರೆ. ಮೂರು ಗಂಟೆಯವರೆಗೂ ಪ್ರಯೋಜನವುಂಟು. ಮೂರು ಗಂಟೆ ಮೀರಿದರೆ ಅದೇ ಔಷಧಿಯಿಂದ ಕೆಡುಕಾಗುವ ಭಯವಿದೆ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಗಾಯಾಳುಗಳ ಚಿಕಿತ್ಸೆಗೆ ಇದನ್ನು ಅತ್ಯಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. 2019ರಲ್ಲಿ ಪ್ರಕಟವಾದ ಮೂರನೆಯ ಪರೀಕ್ಷೆಯಲ್ಲಿ 12,737 ಮಂದಿ ತಲೆಗೆ ಪೆಟ್ಟಾದವರಿದ್ದರು. ಪೆಟ್ಟು ತೀರ ಘೋರವಾಗಿಲ್ಲದವರಿಗೆ ಬೇಗ ಕೊಟ್ಟರೆ ಉಪಯೋಗವುಂಟೆಂದು ಅದರಿಂದ ತಿಳಿಯಿತು. ಉಟಾಕೊ ಬಯಸಿದ್ದ ಹೆರಿಗೆಯ ಪರೀಕ್ಷೆಯೂ ನಡೆಯಿತು. 20,060 ಮಂದಿ ತಾಯಂದಿರು ಅದರಲ್ಲಿ ಸೇರಿದರು. ರಕ್ತಸ್ರಾವದ ಸಾವು ಕಡಮೆಯಾಗುವುದು ಸಿದ್ಧವಾಯಿತು. ಅದು ಪ್ರಕಟವಾದದ್ದು 2017ರಲ್ಲಿ. ಆಕೆ ಅದಕ್ಕೆ ಒಂದು ವರ್ಷ ಮೊದಲೇ, 98ನೆಯ ವಯಸ್ಸಿನಲ್ಲಿ, ತೀರಿಕೊಂಡಿದ್ದರು.

ಸಾಲ ತಂದವರು ತೀರಿಸಬೇಕು. ಇಲ್ಲಿ ಸಾಲ ಕೊಟ್ಟವರು ಯಾರು? ನಮ್ಮ ರಸ್ತೆಗಳ ಮೇಲೆ ಬಿದ್ದ ಕೂಲಿಯವರು, ಬೈಕಿನಲ್ಲಿ ಕೆಲಸಕ್ಕೆ ಹೊರಟ ಹುಡುಗರು, ರಸ್ತೆ ದಾಟುತ್ತಿದ್ದ ಮುದುಕರು. ಅವರಿಂದ ಲೋಕ ಪಡೆದ ಅರಿವು ಅವರಂಥವರಿಗೇ ಮರಳಿ ಮುಟ್ಟಬೇಕಾದರೆ ಔಷಧಿ ಇದ್ದರೆ ಸಾಲದು, ಮೂರು ಗಂಟೆಯೊಳಗೆ ಗಾಯಾಳು ಅದರ ಬಳಿಗೆ ಬರಬೇಕು. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು ಸರ್ಕಾರದ ಲೆಕ್ಕದಂತೆಯೇ 1,68,491 ಮಂದಿ. ‘ಕರೆತಂದವರು’ ಅಂಕಣ ಎಷ್ಟೋ ಕಡೆ ಖಾಲಿ ಇರುತ್ತಿದ್ದುದಕ್ಕೆ ಪೊಲೀಸ್ ಠಾಣೆಯ, ಕೋರ್ಟಿನ ಭಯವೇ ಕಾರಣ. ಬಾಗಿಲ ಬಳಿ ಇಳಿಸಿ ಮಾಯವಾಗುವವರೇ ಹೆಚ್ಚು. ಇಳಿಸಲೂ ಬಾರದೆ ನೋಡುತ್ತ ನಿಲ್ಲುವವರು ಅವರಿಗಿಂತ ಹೆಚ್ಚು. ಗಾಯಾಳುವಿಗೆ ನೆರವಾದವರನ್ನು ಪೀಡಿಸಕೂಡದೆಂಬ ನಿಯಮಗಳಿಗೆ 2016ರಲ್ಲಿ ಸುಪ್ರೀಂ ಕೋರ್ಟು ಮುದ್ರೆ ಒತ್ತಿತು. 2019ರಲ್ಲಿ ಮೋಟಾರು ವಾಹನ ಕಾಯಿದೆಯ ತಿದ್ದುಪಡಿಯಲ್ಲಿಯೂ ಅದು ಸೇರಿತು. ಕರೆತಂದವನು ಹೆಸರು ಹೇಳಲೇಬೇಕೆಂದು ಈಗ ಯಾರೂ ಒತ್ತಾಯಿಸುವಂತಿಲ್ಲ. ಈ ಮಾತು ಎಷ್ಟು ಮಂದಿಗೆ ತಿಳಿದಿದೆ?

ವೈದ್ಯರು ‘ನನಗೆ ಗೊತ್ತಿಲ್ಲ’ ಎಂದು ಒಪ್ಪಿಕೊಂಡದ್ದರಿಂದ ಈ ಅರಿವು ಹುಟ್ಟಿತು. ಮಾತನಾಡಲಾರದೆ ಮಲಗಿದ್ದವರಿಂದ ಅದು ಬೆಳೆಯಿತು. ಇನ್ನು ಅದನ್ನು ಮುಟ್ಟಿಸುವ ಕೆಲಸಕ್ಕೆ ವೈದ್ಯನೇ ಬೇಕಾಗಿಲ್ಲ. ದಾರಿಯಲ್ಲಿ ಬಿದ್ದವನನ್ನು ಕಂಡಾಗ ಗಡಿಯಾರವನ್ನೊಮ್ಮೆ ನೋಡಿಕೊಂಡು 108ಕ್ಕೆ ಕರೆಮಾಡುವಷ್ಟು ಎಚ್ಚರ ನಮ್ಮಲ್ಲಿದ್ದರೆ, ಆ ಸಾಲದ ಒಂದಂಶವಾದರೂ ತೀರೀತು.